ಮೈಗಳ್ಳನ ಕಾಲು

ಏನೂ ಸಿಗದೆ ಇರಲಪ್ಪ ಎಂದು ಚಲುವಮ್ಮ ಭಾರತೀನಗರದಲ್ಲಿ ಬಸ್ಸು ಹತ್ತುವಾಗಲೇ ಬೇಡಿಕೊಂಡಿದ್ದಳು. ಯಾವ ದೇವರನ್ನು ಎಂದು ಕೇಳಿದರೆ ಅವಳೇ ಹೇಳಲಾರಳು. ಸತ್ತ ಗಂಡನ ಕಾಲುನೋವಿಗೆ ಕಾರಣ ಸಿಕ್ಕಿತೇ ಎಂದು ಕೇಳಲು ಮಂಡ್ಯದ ಡಾಕ್ಟರ ಹತ್ತಿರ ಹೊರಟ ಹೆಂಗಸು, ಸಿಗದೇ ಇರಲಿ ಎಂದು ಬೇಡಿಕೊಳ್ಳುವುದು ಎಲ್ಲಾದರೂ ಉಂಟೆ? ಆದರೆ ಅವಳ ಮಟ್ಟಿಗೆ ಅದರಲ್ಲಿ ಗೊಂದಲವೇನೂ ಇರಲಿಲ್ಲ. ಏನೂ ಸಿಗದಿದ್ದರೆ ಗಂಡ ಚಿಕ್ಕಬೋರಯ್ಯ ಸುಳ್ಳ, ಮೈಗಳ್ಳ. ಅವನ ಪಾಲಿನ ಗೇಯ್ಮೆಯನ್ನೂ ತಾನೇ ಗೇಯ್ದು ಅವಳು ಬೈದದ್ದೆಲ್ಲ ನ್ಯಾಯ. ಏನಾದರೂ ಸಿಕ್ಕಿದ್ದರೆ ಆ ಬೈಗುಳವೆಲ್ಲ ತಿರುಗಿ ಅವಳ ಮನೆಗೇ ಬರುತ್ತದೆ, ಮನೆಯಲ್ಲಿ ಈಗ ಅವಳನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ನಿಂತು ಬಸ್ಸಿಗೆ ದಾರಿಯಿರಲಿಲ್ಲ. ಕಾಲೇಜು ಹುಡುಗಿಯರು ಮೊಬೈಲು ನೋಡುತ್ತ ನಗುತ್ತಿದ್ದರು. ಬೆಳಿಗ್ಗೆ ಮುದ್ದೆ ತೊಳಸುವಾಗ ಹಿಟ್ಟು ಇಬ್ಬರಿಗಾಗುವಷ್ಟು ಹಾಕಿಬಿಟ್ಟಿದ್ದು ಅವಳಿಗೆ ಈಗ ನೆನಪಾಯಿತು. ವರ್ಷದ ಮೇಲಾದರೂ ಕೈಗೆ ಬುದ್ಧಿ ಬಂದಿಲ್ಲ.

ಮಣ್ಣಾಗಬೇಕಿದ್ದ ಮನುಷ್ಯ ಮೆಡಿಕಲ್ ಕಾಲೇಜು ಸೇರಿದ್ದ. ಓದುವ ಮಕ್ಕಳು ಕುಯ್ದು ಕಲಿಯಲಿ ಎಂದು ತನ್ನ ಹೆಣವನ್ನು ಬದುಕಿರುವಾಗಲೇ ಬರೆದುಕೊಟ್ಟಿದ್ದ. ಲೋಕೋಪಕಾರ ಎಂದು ಬರೆದುಕೊಟ್ಟನೆಂದು ಅವನು ಸತ್ತ ಮೇಲೆ ಒಂದು ಭಾಷಣದಲ್ಲಿ ಯಾರೋ ಹೇಳಿ ಅವಳಿಗೊಂದು ಶಾಲು ಹೊದಿಸಿದರು. ಚಲುವಮ್ಮನಿಗೆ ಗೊತ್ತು, ಅದು ಹಟಕ್ಕೆ ಬರೆದುಕೊಟ್ಟದ್ದು. ಒಂದು ದಿನ ಅವಳು ಬಾಯಿಗೆ ಬಂದಂತೆ ಅಂದಾಗ ಅವನು ಪಡಸಾಲೆಯ ಕಂಬ ಹಿಡಿದು ನಿಂತುಕೊಂಡೇ ಹೇಳಿದ್ದ: "ಆಯ್ತು ಕಣ್ಲೇ. ನಾ ಸತ್ತ ಮ್ಯಾಕಾರ ಕುಯ್ದು ನೋಡ್ಲಿ. ನೋವು ಅದೋ ಇಲ್ವೋ ಆಗ ಗೊತ್ತಾಯ್ತದೆ." ಅವಳು ಬಿಡಲಿಲ್ಲ. "ಅದ್ಕೂ ಬ್ಯಾರೇರೇ ಗೇಯ್ಬೇಕು ನಿಂಗೆ," ಅಂದಿದ್ದಳು. ಆ ಮಾತಿಗೆ ಅವನು ನಕ್ಕನೋ ಇಲ್ಲವೋ ಎಂಬುದು ಎಷ್ಟು ಯೋಚಿಸಿದರೂ ಅವಳಿಗೆ ನೆನಪಿಗೆ ಬರುವುದಿಲ್ಲ.

ಮದ್ದೂರಿನಲ್ಲಿ ಇಳಿದು ಮಂಡ್ಯದ ಬಸ್ಸು ಹತ್ತಿದಳು. ಸೀಟುಗಳು ಖಾಲಿಯಿದ್ದವು. ಕಿಟಕಿ ಪಕ್ಕ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು. ಹೀಗೆ ಕೂರುವುದಕ್ಕೆ ಏನು ಧಾಡಿಯಾಗಿತ್ತು ಆ ಮನುಷ್ಯನಿಗೆ ಎಂದು ಹಳೆಯ ಸಿಟ್ಟು ಅಭ್ಯಾಸಬಲದಿಂದ ಒಂದು ಸಲ ಎದ್ದು ಕೂತಿತು. ಜೊತೆಯಲ್ಲಿ ಎಲ್ಲಿಗೆ ಹೋದರೂ ಅವನದು ಇದೇ ನಗೆಪಾಟಲು. ಬಸ್ಸೆಲ್ಲ ಖಾಲಿಯಿದ್ದರೂ ಕಂಬಿ ಹಿಡಿದು ನಿಂತಿರುತ್ತಿದ್ದ. ಕಂಡಕ್ಟರು "ಯಜಮಾನ್ರೆ, ಕೂತ್ಕಳಿ" ಅನ್ನುವುದು, ಇವನು "ನಿಂತ್ಕತೀನಿ ಬುಡಿ" ಅನ್ನುವುದು, ಉಳಿದವರು ತಿರುಗಿ ಮೊದಲು ಅವನನ್ನೂ ಆಮೇಲೆ ಕೂತಿರುವ ಅವಳನ್ನೂ ನೋಡುವುದು. ಗಂಡನನ್ನು ನಿಲ್ಲಿಸಿ ತಾನು ಕೂತ ಹೆಂಗಸು ಎಂದುಕೊಳ್ಳುತ್ತಿದ್ದರೋ ಏನೋ. ನಿಂತರೆ ಪರವಾಗಿಲ್ಲ, ನಡೆದರೂ ಪರವಾಗಿಲ್ಲ, ಕೂತರೆ ಮಾತ್ರ ಕುಂಡೆಯಿಂದ ಹಿಮ್ಮಡಿಯವರೆಗೆ ಬೆಂಕಿ ಹಾಕಿದಂತಾಗುತ್ತದೆ ಎನ್ನುತ್ತಿದ್ದ. ಅಂಥ ನೋವು ಯಾರಾದರೂ ಕೇಳಿದ್ದುಂಟೆ? ನೋವಿರುವವರು ಕೂರುತ್ತಾರೆ, ಮಲಗುತ್ತಾರೆ, ನರಳುತ್ತಾರೆ. ಇವನು ಕುಕ್ಕರಗಾಲಲ್ಲಿ ಕೂತು ಕಳೆ ಕೀಳಲಾರ, ಗಾಡಿಯ ಮೂಕಿಯ ಮೇಲೆ ಕೂರಲಾರ, ಹಾಲು ಕರೆಯಲಾರ. ಆದರೆ ಬಂಡೂರು ಕುರಿ ಹೊಡೆದುಕೊಂಡು ಸಂಜೆಯ ತನಕ ಬದುವಿನ ಮೇಲೆ ಆರಾಮವಾಗಿ ಅಡ್ಡಾಡಿಕೊಂಡಿರಬಲ್ಲ. ಕೆಲಸಕ್ಕೆ ಮಾತ್ರ ಬರುವ ನೋವು, ತಿರುಗಾಟಕ್ಕೆ ಬರದ ನೋವು. ಮದ್ದೂರಿನಲ್ಲೂ ಮೈಸೂರಿನಲ್ಲೂ ತೆಗೆಸಿದ ಎಕ್ಸರೆಯಲ್ಲಿ ಮೂಳೆ ಬೆಳ್ಳಗೆ, ನೆಟ್ಟಗೆ, ಸುಖವಾಗಿತ್ತು. "ಏನೂ ಇಲ್ಲಮ್ಮ, ಮನಸ್ಸಿಗೆ ಹಚ್ಕೊಂಡಿದ್ದಾರೆ," ಎಂದು ಡಾಕ್ಟರು ಅಂದ ದಿನ ಊರೆಲ್ಲ ಮೊದಲು ಬಾಯೊಳಗೆ ಅನ್ನುತ್ತಿದ್ದದ್ದನ್ನು ಎದುರಿಗೇ ಅನ್ನತೊಡಗಿತು. ಮೈಗಳ್ಳ ಬೋರಯ್ಯ. ಹೆಂಡತಿಯ ಹೆಸರೂ ಹಾಗೇ ಆಯಿತು, ಮೈಗಳ್ಳನ ಹೆಂಡ್ತಿ.

ಆ ಹೆಸರು ಅವನನ್ನು ಸುಡುವುದಕ್ಕಿಂತ ಹೆಚ್ಚಾಗಿ ತನ್ನನ್ನು ಸುಟ್ಟಿತು ಎಂದು ಅವಳು ಅಂದುಕೊಂಡಿದ್ದಾಳೆ. ಅದಕ್ಕೇ ಇರಬೇಕು, ಒಂದು ದಿನ ನಾಟಿಯ ಗದ್ದೆಯಲ್ಲಿ ಹತ್ತು ಹೆಂಗಸರು ಇರುವಾಗ ಅವನನ್ನು ಪರೀಕ್ಷೆ ಮಾಡಿಯೇಬಿಟ್ಟಳು. ಅವಳ ಕಾಟಕ್ಕೆ ಅವನು ಬದುವಿನ ಮೇಲೆ ಕೂತು, ಮುಖ ಕಿವುಚಿಕೊಂಡು, ಪೈರಿನ ಕಟ್ಟು ಬಿಚ್ಚುತ್ತಿದ್ದ. ಹಿಂದಿನಿಂದ ಹೋಗಿ "ಆವು, ಆವು" ಎಂದು ಕೂಗಿದಳು. ಚಿಕ್ಕಬೋರಯ್ಯ ಕೂತಲ್ಲಿಂದ ನೆಗೆದು, ಕಾಲುವೆ ದಾಟಿ, ಆಚೆ ಗದ್ದೆಯ ಕೆಸರಿನಲ್ಲಿ ಹೋಗಿ ನಿಂತ. ಹಾವಿಲ್ಲವೆಂದು ತಿಳಿದ ಹೆಂಗಸರು ಪೈರು ಕೈಬಿಟ್ಟು ನಕ್ಕರು. ಆವು ಕಂಡ್ರೆ ವಾಸಿಯಾಗೋ ನೋವು ಎಂಬ ಮಾತು ಊರಿನ ಹೋಟೆಲಿನವರೆಗೂ ಹೋಯಿತು, ಅಲ್ಲಿಂದ ಅವಳ ತವರಿಗೂ ಹೋಯಿತು. ಅವಳೇ ಹೇಳಿ ಕಳಿಸಿದ್ದಳು. ಆಚೆ ಗದ್ದೆಯಲ್ಲಿ ನಿಂತವನು ಅವಳನ್ನೊಮ್ಮೆ ನೋಡಿದ, ಬೈಯಲಿಲ್ಲ, ಕಾಲುವೆಯಲ್ಲಿ ಕಾಲು ತೊಳೆದುಕೊಂಡು ಕುರಿಗಳ ಕಡೆ ಹೋದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ, ಈ ಬಸ್ಸಿನಲ್ಲಿ, ಯಾರದೋ ಮಗು ಸೀಟಿನ ಮೇಲೆ ನಿಂತು ಹಿಂದಕ್ಕೆ ತಿರುಗಿ ಅವಳನ್ನೇ ನೋಡುತ್ತಿರುವಾಗ.

ಮಗು ಕೈ ಚಾಚಿತು. ಅವಳು ಬೆರಳು ಕೊಡಲು ಹೋಗುವಷ್ಟರಲ್ಲಿ ತಾಯಿ ಅದನ್ನು ಎಳೆದು ಕೂರಿಸಿಕೊಂಡಳು. ಕೂರಿಸಿಕೊಳ್ಳುವುದು ಎಂದರೆ ಅಷ್ಟು ಸುಲಭ. ಅಣ್ಣ ಮಹದೇವುವಿನ ಮಗಳ ಮದುವೆಯ ಬೀಗರೂಟದಲ್ಲಿ ಮೊದಲ ಪಂಕ್ತಿಗೆ, ಬೀಗರ ಎದುರಿಗೇ, ಗಂಡನನ್ನು ಕೂರಿಸಿದ್ದರು. ಚಾಪೆ ಹಾಸಿ ಎಲೆ ಹಾಕಿದ ಊಟ. ಪಂಕ್ತಿ ಮುಗಿಯುವ ಮುಂಚೆ ನಡುವಿನಿಂದ ಎಲೆ ಬಿಟ್ಟು ಏಳುವುದೆಂದರೆ ಇಕ್ಕಿದವರ ಮುಖಕ್ಕೆ ಉಗಿದಂತೆ ಎಂದು ಗೊತ್ತಿಲ್ಲದವನಲ್ಲ. ಮುದ್ದೆ ಬಂತು, ಸಾರು ಬಂತು. ಅವನ ಹಣೆಯ ಮೇಲೆ ಬೆವರು ಕಂಡಾಗಲೇ ಅವಳು ದೂರದಿಂದ ಕಣ್ಣಲ್ಲೇ ಹೆದರಿಸಿದಳು. ಅನ್ನ ಬಡಿಸುವಷ್ಟರಲ್ಲಿ ಅವನು ಎದ್ದುಬಿಟ್ಟ. ಎಂಜಲು ಕೈಯಲ್ಲಿ, ಎಲ್ಲರ ಎಲೆಗಳ ನಡುವೆ, ಗೋಡೆ ಹಿಡಿದು ನಿಂತ. ಬೀಗರು ತಲೆಯೆತ್ತಿ ಅವನನ್ನು ನೋಡಿದರು. ಮಹದೇವು ಬಂದು "ಏನ್ಲಾ ಬೋರ, ಬಾಡು ಸಾಕಾಗ್ನಿಲ್ವಾ?" ಅಂದ. ನಾಲ್ಕು ಜನ ನಕ್ಕರು, ಆಮೇಲೆ ನಗು ನಿಂತಿತು, ಆಮೇಲೆ ಮಹದೇವು ಬಹಳ ವರ್ಷ ಅವರ ಮನೆಯ ಕಡೆ ಬರಲಿಲ್ಲ. ಅವಳು ಅಣ್ಣನ ಕಡೆಗೇ ನಿಂತಳು. ಗಂಡನ ಹತ್ತಿರ ಆ ಸಂಕ್ರಾಂತಿಯ ತನಕ ಮಾತಾಡಲಿಲ್ಲ. ಅಣ್ಣ ಮತ್ತೆ ಬಂದದ್ದು ಅವನು ಸತ್ತ ದಿನವೇ. ಎದೆ ಹಿಡಿದುಕೊಂಡು ಕುರಿಗಳ ನಡುವೆ ಬಿದ್ದಿದ್ದವನನ್ನು ಅಂಬುಲೆನ್ಸಿನಲ್ಲಿ ಮಂಡ್ಯಕ್ಕೆ ಕಳಿಸುವಾಗ ಮಹದೇವು ಹೆಗಲ ಮೇಲಿನ ಟವೆಲು ಕೊಡವಿ, "ಮಣ್ಣಾಗೋಕೂ ಮೈಗಳ್ಳತನ ಇವನ್ಗೆ," ಎಂದ. ಮೂರನೇ ದಿನ ಹಾಲುತುಪ್ಪ ಬಿಡಲು ಸಮಾಧಿಯ ಗುಡ್ಡೆಯೇ ಇರಲಿಲ್ಲ. ಹೊಲದ ಮೂಲೆಯಲ್ಲಿ ಗುಂಡಿ ತೋಡಿ, ಅವನ ಕಂಬಳಿ ಹೂತು, ಅದರ ಮೇಲೆ ಹಾಲು ಬಿಟ್ಟರು. ಕಂಬಳಿಗೆ ಕೈಮುಗಿಯುತ್ತಿದ್ದೇನಲ್ಲ ಎಂದು ಅವಳಿಗೆ ಅವತ್ತು ಅಳುವಿಗಿಂತ ನಾಚಿಕೆಯೇ ಹೆಚ್ಚಾಗಿತ್ತು.

ಅಂಬುಲೆನ್ಸಿನ ಜೊತೆ ಬಂದಿದ್ದ ಡಾಕ್ಟರು ಸುಧೀಂದ್ರ. ಹೆಣ ಕುಯ್ದು ಪಾಠ ಹೇಳುವ ಡಾಕ್ಟರು ಎಂದರು. ಅವರ ಹತ್ತಿರ ಅವಳು ಗಲಾಟೆಯ ನಡುವೆ ಒಂದು ಮಾತು ಹೇಳಿದ್ದಳು: ಇವರಿಗೆ ಕಾಲುನೋವಿತ್ತಂತೆ, ಕುಯ್ಯುವಾಗ ಏನಾದರೂ ಕಂಡರೆ ತಿಳಿಸಿ. ಇತ್ತಂತೆ ಎಂದೇ ಹೇಳಿದ್ದಳು. ಮೊನ್ನೆ ಅವರು ಫೋನು ಮಾಡಿ, "ನಿಮ್ಮನ್ನು ಒಂದು ವಿಷಯ ಕೇಳಬೇಕಿತ್ತಮ್ಮ, ಬಿಡುವಾದಾಗ ಬನ್ನಿ," ಎಂದರು. ಹೇಳಬೇಕಿತ್ತು ಎಂದಿದ್ದರೆ ಅವಳಿಗೆ ಇಷ್ಟು ತಳಮಳವಾಗುತ್ತಿರಲಿಲ್ಲ. ಸತ್ತವನ ಬಗ್ಗೆ, ಅವನನ್ನು ಎಳೆಎಳೆಯಾಗಿ ಬಿಡಿಸಿ ನೋಡಿದವರು ಅವಳಿಂದ ಕೇಳುವುದು ಏನಿರುತ್ತದೆ?

ಕಾಲೇಜಿನ ಬಾಗಿಲಲ್ಲಿ ಅಟೆಂಡರು "ಯಾರ ಕಡೆಯೋರು?" ಎಂದ. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಓಟಿನ ಚೀಟಿ ಕೊಡುವವರ ಮುಂದೆಯೂ ಪಕ್ಕದವರಿಂದ ಹೇಳಿಸಿದ್ದಾಳೆ. ಮಗಳ ಹೆಸರು ಹಿಡಿದು "ರೂಪನ ಅಪ್ಪ," ಎಂದಳು. "ಯಾವ ರೂಪ?" ಎಂದ ಅವನು. ಹಿಂದೆ ನಿಂತಿದ್ದ ಬಿಳಿಕೋಟಿನ ಹುಡುಗ ಹುಡುಗಿಯರು ದಾರಿಗಾಗಿ ಕಾಯುತ್ತಿದ್ದರು. ಇವರಲ್ಲಿ ಯಾರು ಅವನನ್ನು ಕುಯ್ದವರು, ಯಾರು ಅವನ ಕೈ ಹಿಡಿದು ನೋಡಿದವರು ಎಂದು ಅವಳು ಒಂದೊಂದೇ ಮುಖ ನೋಡಿದಳು. ಅವರು ಅವಳನ್ನು ನೋಡಲಿಲ್ಲ. ಕೊನೆಗೆ ಡಾಕ್ಟರ ಹೆಸರು ಹೇಳಿ ಒಳಗೆ ಹೋದಳು. ಉದ್ದನೆಯ ಕಾರಿಡಾರು. ಕಣ್ಣು ಉರಿಯುವ ಔಷಧಿಯ ವಾಸನೆ. ಎಲ್ಲೋ ಒಂದು ಬಾಗಿಲಿನ ಹಿಂದೆ ಅವನಿದ್ದಾನೆ ಎಂದುಕೊಂಡಾಗ, ಸಂತೆಯಲ್ಲಿ ಅವನನ್ನು ಹುಡುಕುವಾಗ ಆಗುತ್ತಿದ್ದಂತೆ, ಸಿಟ್ಟೂ ಸಮಾಧಾನವೂ ಒಟ್ಟಿಗೇ ಆಯಿತು.

ಸುಧೀಂದ್ರ ಎದ್ದು ನಿಂತು ಕುರ್ಚಿ ತೋರಿಸಿದರು. ನಲವತ್ತು ದಾಟದ ವಯಸ್ಸು, ಮೆತ್ತಗಿನ ಮಾತು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ಸೊಂಟ ಮತ್ತು ತೊಡೆ ಇತ್ತು, ಕೆಂಪು ಬಣ್ಣದ ಮಾಂಸ, ಹಳದಿ ದಾರದ ಹಾಗೆ ನರಗಳು.

"ಬಸ್ಸಿನಲ್ಲಿ ಬಂದಿರಾ ಅಮ್ಮ? ತೊಂದರೆ ಕೊಟ್ಟೆ. ನೋಡಿ, ಇಲ್ಲಿ ಸೊಂಟದಿಂದ ಕಾಲಿಗೆ ಇಳಿಯುವ ದೊಡ್ಡ ನರ ಇದು. ನಿಮ್ಮ ಕಿರುಬೆರಳಿನಷ್ಟು ದಪ್ಪ ಇರುತ್ತದೆ. ಎಲ್ಲರಿಗೂ ಸಾಮಾನ್ಯವಾಗಿ ಈ ಮಾಂಸಖಂಡದ ಕೆಳಗಿಂದ ಬರುತ್ತದೆ. ಪುಸ್ತಕದಲ್ಲಿ ಹಾಗೇ ಇದೆ. ಆದರೆ ಮನುಷ್ಯರೆಲ್ಲ ಪುಸ್ತಕ ನೋಡಿಕೊಂಡು ಹುಟ್ಟುವುದಿಲ್ಲ. ಹತ್ತು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ನರ ಎರಡು ಸೀಳಾಗಿ, ಒಂದು ಸೀಳು ಮಾಂಸದ ಮಧ್ಯದಿಂದಲೇ ತೂರಿಕೊಂಡು ಬರುತ್ತದೆ. ನಿಮ್ಮ ಯಜಮಾನರಿಗೆ ಹಾಗಿತ್ತು."

ಚಲುವಮ್ಮ ಆ ಹಳದಿ ದಾರವನ್ನೇ ನೋಡುತ್ತ ಕೇಳಿದಳು. "ಅದ್ರಿಂದ ನೋವು ಬತ್ತದಾ?"

"ಬಂದೇ ಬರುತ್ತದೆ ಅನ್ನಲಾಗುವುದಿಲ್ಲ. ಇದ್ದೂ ಏನೂ ಗೊತ್ತಾಗದೆ ಬದುಕುವವರೇ ಬಹಳ. ಕೆಲವರಿಗೆ ಮಾತ್ರ ಆ ಮಾಂಸ ನರವನ್ನು ಹಿಸುಕುತ್ತದೆ. ಎಕ್ಸರೆಯಲ್ಲಿ ಕಾಣುವುದಿಲ್ಲ. ಒಂದು ಹೇಳಿ, ಅವರಿಗೆ ನೋವು ನಡೆದಾಗ ಬರುತ್ತಿತ್ತೋ, ಕೂತಾಗಲೋ?"

"ಕೂತಾಗ," ಎಂದಳು. ಇನ್ನೊಮ್ಮೆ ಹೇಳಿದಳು. "ಕೂತ್ರೇಯ ಬರ‍್ತಿದ್ದುದ್ದು. ನಡೆದ್ರೆ ಇರ‍್ತಿರ್ನಿಲ್ಲ."

ಡಾಕ್ಟರು ತಲೆ ಅಲ್ಲಾಡಿಸಿದರು, ಮಗ್ಗಿ ಸರಿಯಾಗಿ ಒಪ್ಪಿಸಿದ ಮಗುವಿಗೆ ಮೇಷ್ಟ್ರು ಅಲ್ಲಾಡಿಸುವ ಹಾಗೆ. "ಈ ತೊಂದರೆ ಇರುವವರಿಗೆ ಕೂರುವುದೇ ಕಷ್ಟ. ಇನ್ನೊಂದೇ ಒಂದು ವಿಷಯ. ಅದಕ್ಕೇ ನಿಮ್ಮನ್ನು ಕರೆಸಿದ್ದು. ಅವರ ಎರಡು ಕಾಲಿನಲ್ಲಿ ಒಂದರಲ್ಲಿ ಮಾತ್ರ ನರ ಹೀಗಿದೆ. ಇನ್ನೊಂದು ಪುಸ್ತಕದಲ್ಲಿದ್ದಂತೆಯೇ ಇದೆ. ಯಾವುದು ಎಂದು ನಾನು ಮೊದಲೇ ಹೇಳುವುದಿಲ್ಲ, ಹೇಳಿದರೆ ನೀವು ಪಾಪ ಅದೇ ಅಂದುಬಿಡುತ್ತೀರಿ. ನೀವೇ ಹೇಳಿ. ಅವರಿಗೆ ನೋವಿದ್ದದ್ದು ಯಾವ ಕಾಲಿನಲ್ಲಿ?"

ಇದೆಂಥ ಪ್ರಶ್ನೆ. ಒಂದೇ ಚಾಪೆಯ ಮೇಲೆ ಮಲಗಿ, ಅವನು ಉಂಡ ತಟ್ಟೆ ತೊಳೆದು, ಮಗಳನ್ನು ಹೆತ್ತು ಮದುವೆ ಮಾಡಿದವಳು. ಅವಳು ಮನಸ್ಸಿನಲ್ಲೇ ಅವನನ್ನು ಎದುರಿಗೆ ನಿಲ್ಲಿಸಿಕೊಂಡಳು. ಪಡಸಾಲೆಯ ಕಂಬ ಹಿಡಿದು ನಿಂತಿದ್ದಾನೆ, ಒಂದು ಕಾಲು ಸ್ವಲ್ಪ ಎತ್ತಿದ್ದಾನೆ. ಯಾವುದು? ಬೀದಿ ಬಾಗಿಲ ಕಡೆಯದು. ಹಾಗಾದರೆ ಅವನು ಯಾವ ಕಡೆ ಮುಖ ಮಾಡಿದ್ದ? ತಿರುಗಿಸಿ ನಿಲ್ಲಿಸಿದಳು, ಕಾಲೂ ಅವನ ಜೊತೆ ತಿರುಗಿತು. ಕಾಲುವೆಯಲ್ಲಿ ಕಾಲು ತೊಳೆಯುತ್ತಿದ್ದಾನೆ, ಎರಡನ್ನೂ ತೊಳೆಯುತ್ತಿದ್ದಾನೆ. ಪಂಕ್ತಿಯಲ್ಲಿ ಬೆವರುತ್ತಿದ್ದಾನೆ, ಕಾಲು ಪಂಚೆಯ ಒಳಗಿದೆ. ಒಂದು ದಿನವಾದರೂ ಎಣ್ಣೆ ಹಚ್ಚಿದ್ದರೆ ಈ ಕೈಗಾದರೂ ಗೊತ್ತಿರುತ್ತಿತ್ತು. ಮುಖ ಮಾತ್ರ ಎಲ್ಲ ಕಡೆಯೂ ಚೆನ್ನಾಗಿ ಕಾಣುತ್ತಿತ್ತು, ಅವಳು ಬೈಯುತ್ತಿದ್ದದ್ದು ಮುಖಕ್ಕೆ.

"ಬಲಗಾಲು," ಎಂದಳು.

ಸುಧೀಂದ್ರರ ಮುಖ ಸಪ್ಪಗಾಯಿತು. ಮುಚ್ಚಿಟ್ಟುಕೊಳ್ಳಲು ಅವರು ಪ್ಲಾಸ್ಟಿಕ್ಕಿನ ತೊಡೆಯನ್ನು ಎತ್ತಿ ಪಕ್ಕಕ್ಕಿಟ್ಟರು. "ಹಾಗೋ. ಹಾಗಿದ್ದರೆ ನಾನು ಏನೂ ಹೇಳುವ ಹಾಗಿಲ್ಲಮ್ಮ. ಬಲಗಡೆ ಎಲ್ಲ ಸರಿಯಾಗಿದೆ. ನೋವಿಗೆ ಕಾರಣ ಏನೂ ನಮಗೆ ಕಾಣಲಿಲ್ಲ."

ಏನೂ ಕಾಣಲಿಲ್ಲ. ಬೆಳಿಗ್ಗೆಯಿಂದ ಬೇಡಿಕೊಂಡದ್ದು ಅದೇ ಮಾತು. ಗೆದ್ದೆ. ಎಕ್ಸರೆಯಲ್ಲೂ ಇಲ್ಲ, ಕುಯ್ದರೂ ಇಲ್ಲ. ಡಾಕ್ಟರು ಟೀ ತರಿಸುತ್ತೇನೆಂದರು, ಬೇಡವೆಂದು ಎದ್ದಳು, ಕೈಮುಗಿದಳು. ಬಾಗಿಲ ತನಕ ನಡೆದಳು. ಈಗ ಹೋಗಿ ಮಹದೇವುವಿಗೆ ಹೇಳಬಹುದು. ಮಹದೇವು ಕೇಳಿ ಏನನ್ನುತ್ತಾನೆ, ಅದು ಗೊತ್ತಿದ್ದದ್ದೇ ಅಲ್ವಾ ಅನ್ನುತ್ತಾನೆ. ಗದ್ದೆಯಲ್ಲಿ ನಕ್ಕ ಹೆಂಗಸರಲ್ಲಿ ಅರ್ಧ ಜನ ಸತ್ತಿದ್ದಾರೆ, ಉಳಿದವರಿಗೆ ಅವನ ನೆನಪೇ ಇಲ್ಲ. ಹೇಳಬೇಕಾದದ್ದು ಒಬ್ಬನಿಗೇ. ನೋಡು, ಕುಯ್ದೂ ನೋಡಿದರು, ಈಗೇನಂತೀಯ ಎಂದು ಅವನೆದುರು ನಿಂತು ಕೇಳಬೇಕು. ಅವನು ಸುಮ್ಮನೆ ನಿಂತಿರುತ್ತಾನೆ, ಯಾವಾಗಲೂ ಹಾಗೇ. ಅವನಿಲ್ಲದ ಮನೆಯಲ್ಲಿ ಗೆದ್ದು ಏನು ಮಾಡುವುದು ಎಂದು ಹೊಳೆದಾಗ ಅವಳ ಕೈ ಬಾಗಿಲ ಚಿಲಕದ ಮೇಲಿತ್ತು. ಹೀಗೇ ಹೊರಗೆ ಹೋದರೆ ಅವನು ಇನ್ನೊಂದು ಸಲ, ಇಷ್ಟು ಮೆತ್ತಗೆ ಮಾತಾಡುವ ಈ ಡಾಕ್ಟರ ಮುಂದೆಯೂ, ಸುಳ್ಳನಾಗುತ್ತಾನೆ. ಅವಳಿಗೆ ಮೈಯೆಲ್ಲ ನಾಚಿಕೆಯಾಯಿತು.

"ಸಾರ್," ಎಂದಳು ತಿರುಗಿ. "ನಾನ್ ಸುಮ್ನೆ ಒಂದು ಹೇಳ್ದೆ. ನಂಗೆ ಗೊತ್ತಿಲ್ಲ."

"ಯಾವುದು ಗೊತ್ತಿಲ್ಲ?"

"ಯಾವ ಕಾಲು ಅಂತ."

ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. "ಈಗ ಕಷ್ಟವಾಯಿತಲ್ಲಮ್ಮ. ಬಲ ಅಲ್ಲ ಎಂದು ನನ್ನ ಬಾಯಿಂದಲೇ ಬಂದುಬಿಟ್ಟಿತು. ಈಗ ನೀವು ಎಡ ಅಂದರೆ ನಾನು ಹೇಗೆ ನಂಬಲಿ?"

"ನನ್ನ ನಂಬಬ್ಯಾಡಿ," ಎಂದಳು ಚಲುವಮ್ಮ. "ಮಗಳವ್ಳೆ ಮಳವಳ್ಳೀಲಿ. ಅವಳ್ಗೆ ಗೊತ್ತಿದ್ರೂ ಇರ್ಬೋದು."

ಇರಬಹುದು ಎನ್ನುವಾಗ ಇಲ್ಲದಿದ್ದರೆ ಸಾಕು ಎಂಬ ಆಸೆ ಎಲ್ಲೋ ಮೂಲೆಯಲ್ಲಿ ಇನ್ನೂ ಉಸಿರಾಡುತ್ತಿತ್ತು. ಮಗಳಿಗೂ ತಿಳಿಯದಿದ್ದರೆ ತಾನೊಬ್ಬಳೇ ತಿಳಿಯದವಳಲ್ಲ. ಡಾಕ್ಟರು ಅವಳ ಫೋನನ್ನು ತೆಗೆದುಕೊಂಡು, ಸ್ಪೀಕರು ಹಾಕಿ, ಮೇಜಿನ ಮೇಲಿಟ್ಟರು. "ಬೇರೆ ಏನೂ ಹೇಳಬೇಡಿ. ಯಾವ ಕಾಲು ಅಂತ ಅಷ್ಟೇ ಕೇಳಿ," ಎಂದರು. ಫೋನು ಹೊಡೆದುಕೊಂಡಿತು. ರೂಪನ ಮನೆಯ ಕುಕ್ಕರಿನ ಸೀಟಿ ಮೊದಲು ಬಂತು, ಆಮೇಲೆ ರೂಪ.

"ಏನವ್ವ, ಈ ವತ್ನಲ್ಲಿ?"

"ಏನಿಲ್ಲ ಕಣ್ ಮಗ. ನಿಮ್ಮಪ್ಪ ನೋವು ಅಂತಿದ್ನಲ್ಲ. ಯಾವ ಕಾಲು ಅದು?"

"ಎಡಗಾಲು," ಎಂದಳು ರೂಪ, ಯೋಚಿಸುವಷ್ಟೂ ಹೊತ್ತು ತೆಗೆದುಕೊಳ್ಳದೆ. "ಸ್ಕೂಲಿಂದ ಬಂದೇಟ್ಗೆ ನಾನೇ ಅಲ್ವಾ ತುಳೀತಿದ್ದುದ್ದು. ಬೋರಲು ಮಲಗೋನು. ಗ್ವಾಡೆ ಇಡ್ಕಂಡು ಎಡಗಡೆ ಕುಂಡೆ ಮ್ಯಾಲೆ ನಿಂತ್ಕ ಮಗ ಅನ್ನೋನು. ನಾನು ನಿಂತ್ಕಂಡ್ರೆ ಒಂದೀಟು ನಿದ್ದೆ ಮಾಡೋನು. ನೀನು ಗದ್ದೆಯಿಂದ ಬರೋಗಂಟ."

ಸುಧೀಂದ್ರ ಅವಳ ಕಡೆ ನೋಡಿ ಮೆಲ್ಲಗೆ ತಲೆ ಆಡಿಸಿದರು. ಎಡ. ಆಮೇಲೆ, ಅಲ್ಲಿ ಕೂತಿರುವುದು ತಪ್ಪು ಎನ್ನುವಂತೆ, ಎದ್ದು ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತರು. ಚಲುವಮ್ಮನಿಗೆ ಗದ್ದೆಯಿಂದ ಮನೆಗೆ ಬರುತ್ತಿದ್ದ ಸಂಜೆಗಳು ಕಂಡವು. ಬಾಗಿಲಲ್ಲೇ ಹುಲ್ಲಿನ ಹೊರೆ ಇಳಿಸಿ ಅವಳು ಮೊದಲು ಕೇಳುತ್ತಿದ್ದ ಮಾತು: ಇವತ್ತೂ ಅದಾ ನಿನ್ ನೋವು? ಇದೆಯೋ ಇಲ್ಲವೋ ಎಂದು ಕೇಳಿದ್ದಾಳೆ, ದಿನವೂ ಕೇಳಿದ್ದಾಳೆ. ಎಲ್ಲಿ ಎಂದು ಒಂದು ಸಲವೂ ಕೇಳಿಲ್ಲ. ಎಂಟು ವರ್ಷದ ಮಗುವಿಗೆ ಗೊತ್ತಿತ್ತು.

"ಯಾಕವ್ವ?" ಎಂದಳು ರೂಪ. ಕುಕ್ಕರು ಮತ್ತೆ ಕೂಗಿತು, ಅವಳು ಅದನ್ನು ಆರಿಸಿದ ಸದ್ದು ಬಂತು. "ಅವ್ವ? ಯಾಕೆ, ನಿಂಗೆ ಗೊತ್ತಿರ್ನಿಲ್ವಾ?"

ಗೊತ್ತಿತ್ತು, ಮರೆತುಹೋಗಿತ್ತು ಕಣ್ ಮಗ ಎನ್ನಬಹುದಿತ್ತು. ವಯಸ್ಸಾದವರು ಮರೆಯುತ್ತಾರೆ, ಮಗಳು ನಂಬುತ್ತಿದ್ದಳು, ಕಿಟಕಿಯ ಹತ್ತಿರ ನಿಂತವರೂ ನಂಬಿದಂತೆ ಮಾಡುತ್ತಿದ್ದರು. ಚಲುವಮ್ಮ ಮೇಜಿನ ಮೇಲಿದ್ದ ಫೋನಿನ ಕಡೆ ಬಗ್ಗಿದಳು.

"ಇಲ್ಲ ಕಣ್ ಮಗ, ಗೊತ್ತಿರ್ನಿಲ್ಲ," ಎಂದಳು, ಇಬ್ಬರಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ನಾ ಕೇಳೇ ಇರ್ನಿಲ್ಲ."